ಬಂಗಡೆ ಲಿವರ್ ಬ್ಲಾಕ್‌ನಿಂದ ಕ್ರೊಮ್ಯಾಟಿನ್ (ಹಿಸ್ಟೋನ್ ಪ್ರೋಟೀನಿಗೆ ಸುತ್ತಿದ ಡಿಎನ್‌ಎ) ಹೊರಗೇ ಬರ್ತಿಲ್ಲ, ಯಾರಾದ್ರೂ ದಾರಿ ಹೇಳಿ

ಬೈತಖೋಲ_ಬಲೆ:
ಮೂರನೇ ಸಲವೂ ಸೊನ್ನೆ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕ್, 10 ಮೈಕ್ರಾನಿನ ಐದು ಸೆಕ್ಷನ್. ಮೇಣ ತೆಗೆಯೋಕೆ ಝೈಲಿನ್, ಆಲ್ಕೊಹಾಲ್, ಆಮೇಲೆ ಕೋಶ ಒಡೆಯೋ ಲೈಸಿಸ್ ಬಫರ್ (1% ಎಸ್‌ಡಿಎಸ್ ಡಿಟರ್ಜೆಂಟ್, 10 ಮಿಲಿಮೋಲಾರ್ ಇಡಿಟಿಎ, 50 ಮಿಲಿಮೋಲಾರ್ ಟ್ರಿಸ್, ಪಿಎಚ್ 8). ಸೋನಿಕೇಶನ್ (ಶಬ್ದತರಂಗದಿಂದ ಒಡೆಯೋದು) 30 ಸೆಕೆಂಡ್ ಆನ್, 30 ಆಫ್, 20 ಸೈಕಲ್. ಸ್ಪಿನ್ ಆದ್ಮೇಲೆ ತಳದಲ್ಲಿ ಕಂದು ಗಸಿ ಹಾಗೇ ಕೂತಿರ್ತದೆ, ಮೇಲಿನ ದ್ರವದಲ್ಲಿ ಡಿಎನ್‌ಎ ಇಲ್ಲವೇ ಇಲ್ಲ. ಎಚ್3ಕೆ4 ಟ್ರೈಮೀಥೈಲ್‌ಗೆ (ಎಚ್3 ಹಿಸ್ಟೋನ್ ಮೇಲಿನ ಒಂದು ಗುರುತು) ಚಿಪ್ (ಆಂಟಿಬಾಡಿಯಿಂದ ಆ ಗುರುತಿರೋ ಕ್ರೊಮ್ಯಾಟಿನ್ ಹಿಡಿದೆತ್ತೋದು) ಮಾಡ್ಬೇಕು. ಪ್ರೊಟೊಕಾಲ್ ಅಕ್ಷರಶಃ ಪಾಲಿಸಿದ್ದೇನೆ. ಹೊಸ ಮೀನು ತರುವಾ ಅಂದ್ರೆ ಜುಲೈ 31ರ ತನಕ ಟ್ರಾಲರ್ ಬಂದ್.

ಘಟ್ಟದ_ಮೇಲೆ:
ಸೋನಿಕೇಟರ್ ಟ್ಯೂಬಿಗೆ ಅದ್ದೋ ಪ್ರೋಬಾ, ನೀರಿನ ಬಾತಾ? ಪ್ರೋಬ್ ಆದ್ರೆ ತುದಿಯಲ್ಲಿ ಗುಳಿ ಬಿದ್ದಿದೆಯಾ ನೋಡಿ. ಒಮ್ಮೆ ನೊರೆ ಎದ್ರೆ ಆ ಟ್ಯೂಬಿನ ಕತೆ ಮುಗೀತು.

ಬೈತಖೋಲ_ಬಲೆ:
ಪ್ರೋಬ್. ನೊರೆ ಇಲ್ಲ. ಐಸಲ್ಲಿಟ್ಟೇ ಮಾಡಿದ್ದು. ಕಂದು ಗಸಿ ಮೇಲೆ ಬಿಳಿ ಪುಡಿಯೂ ಕೂರ್ತದೆ.

ಘಟ್ಟದ_ಮೇಲೆ:
ಹಾಗಾದ್ರೆ 40 ಸೈಕಲ್ ಮಾಡಿ.

ಶರಾವತಿ_ಅಳಿವೆ:
ಬಿಳಿ ಪುಡಿ ಎಸ್‌ಡಿಎಸ್ ಮಾರಾಯ್ರೆ, ಟಿಶ್ಯೂ ಅಲ್ಲ. 1% ಎಸ್‌ಡಿಎಸ್ ಐಸಲ್ಲಿ ಹೆಪ್ಪುಗಟ್ತದೆ. 18–20 ಡಿಗ್ರಿಯಲ್ಲಿ ಸ್ಪಿನ್ ಮಾಡಿ. ಮತ್ತೆ ಈ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಅಬ್ಸಲ್ಯೂಟ್ ಆಲ್ಕೊಹಾಲ್ ಅಬ್ಸಲ್ಯೂಟ್ ಆಗಿ ಉಳಿಯಲ್ಲ. ಝೈಲಿನ್‌ನಿಂದ ಎತ್ತಿ ಅದಕ್ಕೆ ಹಾಕಿದ ಕೂಡಲೇ ಹಾಲಿನ ಹಾಗೆ ಮಬ್ಬಾದ್ರೆ ನೀರು ಸೇರಿದೆ ಅಂತಲೇ ಲೆಕ್ಕ.

ತದಡಿ_ತಕ್ಕಡಿ:
ಝೈಲಿನ್ ಇನ್ನೂ ಯಾಕೆ? ಲಿಮೊನೀನ್ ಬಳಸಿ, ತಲೆನೋವಿಲ್ಲ.

ಶರಾವತಿ_ಅಳಿವೆ:
ಅದು ನಿಧಾನ, ಮೇಲಿಂದ ಜಿಡ್ಡು ಉಳೀತದೆ. ಬಂಗಡೆ ಲಿವರಿಗೆ ಇರೋ ಎಣ್ಣೆಯೇ ಸಾಲದಾ?

ತದಡಿ_ತಕ್ಕಡಿ:
ಆಲ್ಕೊಹಾಲ್ ಒಂದು ಸಲ ಜಾಸ್ತಿ ತೊಳೆದ್ರೆ ಜಿಡ್ಡು ಹೋಗ್ತದೆ. ಇರ್ಲಿ, ನಿಮ್ಮ ಮೂಗು, ನಿಮ್ಮ ಇಷ್ಟ. ಸೋನಿಕೇಶನ್ ಬಿಟ್ಟು ಮೈಕ್ರೊಕೊಕಲ್ ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸೋ ಕಿಣ್ವ) ಹಾಕಿ ನೋಡ್ಬಹುದಲ್ಲ? ಪ್ಯಾರಾಫಿನ್ ಟಿಶ್ಯೂಗೆ ಅಂತಲೇ ಮಾಡಿದ 2010ರ ಪ್ಯಾಟ್-ಚಿಪ್ ವಿಧಾನದಲ್ಲೂ ಮೊದಲು ಅದೇ, ಆಮೇಲೆ ಸೋನಿಕೇಶನ್.

ಕಾಳಿ_ಕಾಂಡ್ಲಾ:
ಅವರ ಬಫರಿನಲ್ಲಿ 10 ಮಿಲಿಮೋಲಾರ್ ಇಡಿಟಿಎ ಇದೆ. ಆ ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ ಪೂರ್ತಿ ಅದೇ ನುಂಗ್ತದೆ. ಹಾಕೋದಾದ್ರೆ ಇಡಿಟಿಎ, ಎಸ್‌ಡಿಎಸ್ ಇಲ್ಲದ ಬಫರಿನಲ್ಲಿ, 1–3 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಜೊತೆ.

ಬಲೆ, ಎರಡು ಪ್ರಶ್ನೆ. ಡಿಎನ್‌ಎ ಅಳೆದದ್ದು ಕ್ರಾಸ್‌ಲಿಂಕ್ (ಫಾರ್ಮಲಿನ್ ಹಾಕಿದ ಡಿಎನ್‌ಎ-ಪ್ರೋಟೀನ್ ಗಂಟು) ಬಿಡಿಸಿದ ಮೇಲೋ, ಮೊದಲೋ? ಫಾರ್ಮಲಿನ್‌ನಲ್ಲಿ ಎಷ್ಟು ದಿನ ಇತ್ತು, ಬಫರ್ ಹಾಕಿದ್ದಾ?

ಬೈತಖೋಲ_ಬಲೆ:
ಅಳೆದದ್ದು ಮೊದಲೇ, ನೇರ ಕ್ಯೂಬಿಟ್‌ನಲ್ಲಿ (ಡಿಎನ್‌ಎ ಅಳೆಯೋ ಯಂತ್ರ). ಫಾರ್ಮಲಿನ್ ಎಲ್ಲರ ಹಾಗೇ 10%, ನಲ್ಲಿ ನೀರಲ್ಲಿ. ಟಿಶ್ಯೂ ಪ್ರೊಸೆಸರ್ ಕೆಟ್ಟಿತ್ತು, 19 ದಿನ ಆಯ್ತು. ಲಿವರ್ ಇಡಿಯಾಗಿ ಹಾಕಿದ್ದು.

ಘಟ್ಟದ_ಮೇಲೆ:
ಪ್ರೋಬ್ ಎಷ್ಟು ವಾಟ್?

ಕಾಳಿ_ಕಾಂಡ್ಲಾ:
ಪ್ರೋಬ್ ಬಿಡಿ ಭಾವ, ರೋಗ ಇರೋದು ಇಲ್ಲಿ. ತಾಜಾ ಕೋಶಕ್ಕೆ ಚಿಪ್‌ನಲ್ಲಿ ಕೊಡೋದು 1% ಫಾರ್ಮಾಲ್ಡಿಹೈಡ್, 10 ನಿಮಿಷ. 10% ಫಾರ್ಮಲಿನ್ ಅಂದ್ರೆ ಸುಮಾರು 4% ಫಾರ್ಮಾಲ್ಡಿಹೈಡ್, ಅದೂ 19 ದಿನ. ಬ್ಲಾಕಿಗೆ 24–48 ಗಂಟೆ ಸಾಕಿತ್ತು. ಬಫರ್ ಇಲ್ಲದ್ದು ಬರ್ತಾ ಬರ್ತಾ ಫಾರ್ಮಿಕ್ ಆಮ್ಲ ಆಗ್ತದೆ, ಅದು ಡಿಎನ್‌ಎಯ ಪ್ಯೂರೀನ್ (ಎ, ಜಿ ಅಕ್ಷರ) ಉದುರಿಸ್ತದೆ. ಇಡೀ ಲಿವರ್ ಹಾಕಿದ್ರೆ ಹೊರಗೆ ಬಿರುಸು, ಒಳಗೆ ಫಾರ್ಮಲಿನ್ ಮುಟ್ಟೋ ಮೊದಲೇ ಕೊಳೆತ.

ಮೊದಲು ಗಸಿ ಪರೀಕ್ಷೆ ಮಾಡಿ. ಒಂದು ಚಿಟಿಕೆ ಗಸಿಗೆ 100 ಮೈಕ್ರೊಲೀಟರ್ 1% ಎಸ್‌ಡಿಎಸ್, 200 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಪ್ರೊಟೀನೇಸ್ ಕೆ (ಪ್ರೋಟೀನ್ ತಿನ್ನೋ ಕಿಣ್ವ) ಹಾಕಿ ರಾತ್ರಿಯಿಡೀ 65 ಡಿಗ್ರಿಯಲ್ಲಿಡಿ. ಕಾಲಮ್‌ನಲ್ಲಿ ತೊಳೆದು 1.5% ಜೆಲ್‌ಗೆ ಹಾಕಿ. ಡಿಎನ್‌ಎ ಕಂಡರೆ ಕ್ರೊಮ್ಯಾಟಿನ್ ಸಿಕ್ಕಿಹಾಕಿಕೊಂಡಿದೆ ಅಷ್ಟೇ, ಬಿಡಿಸಬಹುದು. ಎಲ್ಲವೂ 100 ಬೇಸ್‌ಪೇರ್ ಕೆಳಗಿದ್ರೆ ಬ್ಲಾಕ್ ಬಿಟ್ಟುಬಿಡಿ. ಒಂದು ನ್ಯೂಕ್ಲಿಯೊಸೋಮಿಗೇ (ಹಿಸ್ಟೋನ್ ಉಂಡೆ, ಅದಕ್ಕೆ ಸುತ್ತಿದ ಡಿಎನ್‌ಎ) 147 ಬೇಕು.

ತದಡಿ_ತಕ್ಕಡಿ:
ನಮ್ಮ ಬಾತ್ ಸೋನಿಕೇಟರಿಗೆ 4 ಡಿಗ್ರಿ ಚಿಲ್ಲರ್, ಆರು ಟ್ಯೂಬ್ ಒಟ್ಟಿಗೆ ತಿರುಗ್ತದೆ. ಕರೆಂಟ್ ಹೋದ್ರೂ ಯುಪಿಎಸ್ ಒಂದು ಗಂಟೆ ಎಳೀತದೆ.

ಶರಾವತಿ_ಅಳಿವೆ:
ಕೇಳಿದ್ಯಾರು?

ಬೈತಖೋಲ_ಬಲೆ:
ಗಸಿಯಲ್ಲಿ ಡಿಎನ್‌ಎ ಇದೆ! 100ರಿಂದ 350 ಬೇಸ್‌ಪೇರ್ ತನಕ ಸ್ಮಿಯರ್ (ಜೆಲ್‌ನಲ್ಲಿ ಹರಡಿದ ಮಬ್ಬು ಪಟ್ಟಿ). ಮುಂದೆ?

ಕಾಳಿ_ಕಾಂಡ್ಲಾ:
ಸೆಕ್ಷನ್ ನೀರಿಗಿಳಿದ ಮೇಲೆ, ಸೋನಿಕೇಶನ್‌ಗೆ ಮೊದಲು, ಅದೇ ಟ್ರಿಸ್-ಎಸ್‌ಡಿಎಸ್ ಬಫರಿನಲ್ಲಿ 65 ಡಿಗ್ರಿ ಕಾವು ಕೊಡಿ. ಪ್ರೊಟೀನೇಸ್ ಈಗ ಬೇಡವೇ ಬೇಡ, ಹಿಸ್ಟೋನನ್ನೂ ತಿಂದುಬಿಡ್ತದೆ. ನಾಲ್ಕು ಟ್ಯೂಬ್ ಇಡಿ: 0, 1, 4 ಗಂಟೆ, ರಾತ್ರಿಯಿಡೀ. ಕಳಚಿದ ಫಾರ್ಮಾಲ್ಡಿಹೈಡನ್ನು ಟ್ರಿಸ್ ಹಿಡ್ಕೊಳ್ತದೆ. ಕಾವು ಹೆಚ್ಚಾದ್ರೆ ಹಿಸ್ಟೋನೂ ಕಳಚಿ ಬೀಳ್ತದೆ: ಜೆಲ್‌ನಲ್ಲಿ ಡಿಎನ್‌ಎ ಚಂದ ಕಾಣ್ತದೆ, ಚಿಪ್‌ನಲ್ಲಿ ಏನೂ ಬರಲ್ಲ. ಅದಕ್ಕೇ ನಾಲ್ಕಕ್ಕೂ ಸಾದಾ ಎಚ್3 ಆಂಟಿಬಾಡಿಯಲ್ಲಿ ಒಂದು ಚಿಪ್ ಮಾಡಿ, ಸಿಗ್ನಲ್ ಯಾವ ಟ್ಯೂಬಲ್ಲಿ ಕುಸೀತದೋ ಅದರ ಹಿಂದಿನ ಟ್ಯೂಬ್ ನಿಮ್ಮದು. ಆಂಟಿಬಾಡಿ ಹಾಕೋ ಮೊದಲು ಹತ್ತು ಪಟ್ಟು ತೆಳು ಮಾಡಿ, ಎಸ್‌ಡಿಎಸ್ 0.1%ಗೆ ಇಳೀಬೇಕು. ತುಣುಕು ಆಗಲೇ ಚಿಕ್ಕದಿವೆ, ಸೋನಿಕೇಶನ್ 8 ಸೈಕಲ್ ಸಾಕು.

ಆಗಸ್ಟ್ ಮೀನಿಗೆ: ಒಂದು ಲೀಟರಿಗೆ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900, ಮೊನೊಸೋಡಿಯಂ ಫಾಸ್ಫೇಟ್ 4 ಗ್ರಾಂ, ನಿರ್ಜಲ ಡೈಸೋಡಿಯಂ ಫಾಸ್ಫೇಟ್ 6.5 ಗ್ರಾಂ. ಲಿವರ್ 3–4 ಮಿ.ಮೀ. ಹೋಳು ಮಾಡಿ ಹಾಕಿ.

ಬೈತಖೋಲ_ಬಲೆ:
4 ಗಂಟೆ ಟ್ಯೂಬಿನ ಗಸಿ ಅರ್ಧಕ್ಕಿಳಿದಿದೆ, ಮೇಲಿನ ದ್ರವದ ಕ್ರಾಸ್‌ಲಿಂಕ್ ಬಿಡಿಸಿ ಜೆಲ್‌ಗೆ ಹಾಕಿದ್ರೆ ಸ್ಮಿಯರ್ ಕಾಣ್ತಿದೆ. ಕಂದು ಬಣ್ಣ ಮಾತ್ರ ಹೋಗಿಲ್ಲ. ಎಚ್3 ಚಿಪ್ ಸೋಮವಾರ.

ಕಾಳಿ_ಕಾಂಡ್ಲಾ:
ಬಣ್ಣ ಮೀನಿನ ಲಿವರಿನ ಪಿಗ್ಮೆಂಟ್. ಕ್ಯೂಪಿಸಿಆರ್‌ಗೆ (ಡಿಎನ್‌ಎ ನಕಲು ಮಾಡಿ ಎಣಿಸೋದು) ಅಡ್ಡ ಬರ್ತದೆ, ಟೆಂಪ್ಲೇಟ್ ಡಿಎನ್‌ಎ ಹತ್ತು ಪಟ್ಟು ತೆಳು ಮಾಡಿಯೂ ಒಂದು ಸಲ ಓಡಿಸಿ.

ಘಟ್ಟದ_ಮೇಲೆ:
ಪ್ರೋಬ್ ತುದಿಯ ಒಂದು ಫೋಟೊ ಹಾಕಿ, ನೋಡುವ.