ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರು ಯಾಕಿತ್ತು?

ಪೋಸ್ಟ್‌ಕಾರ್ಡ್ ಮೊಮ್ಮಗಳು:
ತಾತನ ಟ್ರಂಕಿನಲ್ಲಿ ಹಳೆಯ ಕಾರ್ಡುಗಳ ಕಟ್ಟು ಸಿಕ್ಕಿತು. ವಿಳಾಸದಲ್ಲಿ ನಮ್ಮ ಹಳ್ಳಿ ಹೆಸರಿನ ಕೆಳಗೆ 'ಫ್ರೆಂಚ್ ರಾಕ್ಸ್' ಅಂತಿದೆ. ಒಂದರಲ್ಲಿ ಮಾತ್ರ 'ಹಿರೋಡೆ'. ಎರಡೂ ಪಾಂಡವಪುರವೇ ಅಂತ ಅಮ್ಮ ಹೇಳುತ್ತಾರೆ, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಕಬ್ಬು, ಭತ್ತ ಬೆಳೆಯುವ ಊರಿಗೂ ಫ್ರೆಂಚರಿಗೂ ಏನು ಸಂಬಂಧ? ಇನ್ನೊಂದು ಕಾರ್ಡಿನಲ್ಲಿ ತಾತ 'ನಾಲೆ ನೀರು ನಮ್ಮ ಹೊಲಕ್ಕೆ ಹತ್ತಿತು' ಅಂತ ಮದುವೆ ಸುದ್ದಿ ಥರ ಬರೆದಿದ್ದಾರೆ. ಅದು ಯಾವ ನಾಲೆ?

ಚಿನಕುರಳಿ ಕಡೆಯವನು:
ಹೈದರಾಲಿ, ಟಿಪ್ಪು ಹತ್ತಿರ ಕೆಲಸಕ್ಕಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಶ್ರೀರಂಗಪಟ್ಟಣ ಪಕ್ಕದಲ್ಲೇ ಅಲ್ವಾ. ರಾಕ್ಸ್ ಅಂದರೆ ಆ ಬಂಡೆ ಬೆಟ್ಟಗಳು. ನಮ್ಮ ಚಿನಕುರಳಿಯಲ್ಲೂ 1771ರಲ್ಲಿ ಹೈದರನಿಗೂ ಮರಾಠರಿಗೂ ದೊಡ್ಡ ಯುದ್ಧ ಆಯಿತು, ಹೈದರ್ ಸೋತ. ಈ ಸುತ್ತಿನಲ್ಲಿ ದಂಡು ಹಾಯದ ಹೊಲ ಇಲ್ಲ.

ನಾಲೆ ಏರಿ ಮನೆ:
ಮೇಲಿನವರು ಹೇಳಿದ್ದು ಸರಿ. ಹಿರೋಡೆ ಹಳೆಯ ಹೆಸರು. ಇಂಗ್ಲಿಷರ ಕಾಗದಪತ್ರದಲ್ಲಿ ಫ್ರೆಂಚ್ ರಾಕ್ಸ್ ಆಯಿತು, ರೈಲ್ವೆ ಸ್ಟೇಷನ್ನಿಗೂ ಅದೇ ಹೆಸರಿತ್ತು. ವನವಾಸದಲ್ಲಿ ಪಾಂಡವರು ಕುಂತಿ ಬೆಟ್ಟದಲ್ಲಿದ್ದರು ಅನ್ನುವ ಕತೆಯಿಂದ ಪಾಂಡವಪುರ. ನನ್ನ ಅಜ್ಜಿ ಕೊನೆವರೆಗೂ ಸಂತೆಗೆ ಹೋಗುವಾಗ 'ಹಿರೋಡೆಗೆ ಹೋಗಿಬತ್ತೀನಿ' ಅಂತಲೇ ಹೇಳುತ್ತಿದ್ದರು.

ಆದರೆ ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಮುಖ್ಯ. ದಂಡು ಬಂತು, ಹೋಯಿತು. ನಮ್ಮ ಬದುಕು ಬದಲಾಗಿದ್ದು ನೀರಿನಿಂದ.

ತಾತ ಬರೆದಿರುವುದು ಬಹುಶಃ ಈಗ ವಿ.ಸಿ. ನಾಲೆ ಅನ್ನುವ ವಿಶ್ವೇಶ್ವರಯ್ಯ ನಾಲೆ. ಆಗ ಅದು ಇರ್ವಿನ್ ನಾಲೆ, ವೈಸರಾಯ್ ಹೆಸರು. ಅದಕ್ಕೆ ನೀರು ಬರುವ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟೆ, ಅದರ ಕೆಲಸ 1911ರಲ್ಲಿ ಶುರುವಾಯಿತು. ನಾಲೆ ತೋಡಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ನಮ್ಮವರು ವಿಶ್ವೇಶ್ವರಯ್ಯನವರ ಫೋಟೋ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಇಡಲೇಬೇಕು. ಮಿರ್ಜಾ ಅವರನ್ನು ಮರೆತಿದ್ದೇವೆ ಅನ್ನೋದು ನನಗೆ ಬೇಜಾರು. ಮಂಡ್ಯದ ಕಡೆ ನೀರು ದಾಟಿಸಲು ಹುಲಿಕೆರೆಯಲ್ಲಿ ಗುಡ್ಡದೊಳಗೆ ಸುರಂಗ ಕೊರೆದರು. ನಾನು ಚಿಕ್ಕವನಿದ್ದಾಗ ಅದರ ಬಾಯಿ ಹತ್ತಿರ ನಿಂತು ನೀರಿನ ಸದ್ದು ಕೇಳಿ ಅಪ್ಪನ ಕೈ ಬಿಟ್ಟಿರಲಿಲ್ಲ.

ಅದಕ್ಕೆ ಮುಂಚೆ ನಮ್ಮ ಕಡೆ ನೀರು ಇರಲೇ ಇಲ್ಲ ಅಂತಲ್ಲ. ತೊಣ್ಣೂರು ಕೆರೆ ಇತ್ತು. ರಾಮಾನುಜರು ಕಟ್ಟಿಸಿದ್ದು ಅಂತ ಹಿರಿಯರು ಹೇಳುತ್ತಾರೆ. ಮೋತಿ ತಲಾಬ್ ಅನ್ನೋ ಹೆಸರೂ ಉಂಟು. ಶತ್ರುಗಳಿಗೆ ಉಪಯೋಗ ಆಗಬಾರದು ಅಂತ ಟಿಪ್ಪು ಅದರ ಏರಿ ಒಡೆಸಿದ ಅಂತ ಹಳೆಯ ಗೆಜೆಟಿಯರಿನಲ್ಲಿದೆ. ಆ ಕೆರೆ ಕೆಳಗೆ ಗದ್ದೆ ಮಾಡುತ್ತಿದ್ದವರನ್ನು ನೆನೆದರೆ ಹೊಟ್ಟೆ ಉರಿಯುತ್ತೆ. ಉಳಿದವರದೆಲ್ಲ ರಾಗಿ, ಹುರುಳಿ, ಅವರೆ. ಮಳೆ ಬಂದರೆ ಉಂಟು, ಇಲ್ಲಾಂದ್ರೆ ಇಲ್ಲ.

ನಾಲೆ ಬಂದ ಮೇಲೆ ಊರು ಎರಡು ಪಾಲಾಯಿತು. ನಾಲೆಗಿಂತ ಕೆಳಗಿದ್ದ ಹೊಲ ಗದ್ದೆಯಾಯಿತು, ಮೇಲಿದ್ದದ್ದು ಹೊಲವಾಗೇ ಉಳಿಯಿತು. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಭತ್ತದ ಅನ್ನ, ಇನ್ನೊಬ್ಬನಿಗೆ ರಾಗಿ ಮುದ್ದೆ. ನಮ್ಮ ದೊಡ್ಡಜ್ಜನ ಪಾಲು ನಾಲೆಗಿಂತ ಮೇಲೆ ಬಿತ್ತು. ಆ ಮನೆಯ ಹೆಣ್ಣುಮಕ್ಕಳು ನಮ್ಮ ಗದ್ದೆಗೆ ನಾಟಿಗೆ ಕೂಲಿ ಬರುತ್ತಿದ್ದರು. ಆಮೇಲೆ ಕಬ್ಬು ಬಂತು, ಆಲೆಮನೆಗಳು ಎದ್ದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ನೀರಿನ ಜೊತೆ ಮಲೇರಿಯಾನೂ ಬಂತು. ಅಜ್ಜಿ ಅದನ್ನು ನಡುಕದ ಜ್ವರ ಅನ್ನುತ್ತಿದ್ದರು. ಅವರ ತಂಗಿ ಒಬ್ಬಳು ಅದರಲ್ಲೇ ತೀರಿಕೊಂಡಳು. ಇದನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಕಾರ್ಡಿನ ಅಂಚೆ ಮುದ್ರೆ ನೋಡಿ ಹೇಳುತ್ತೀರಾ? ತಾರೀಕು ಇದ್ದರೆ ನಿಮ್ಮ ಹಳ್ಳಿಗೆ ನೀರು ಯಾವಾಗ ಮುಟ್ಟಿತು ಅಂತ ತಿಳಿಯುತ್ತೆ. ದಯವಿಟ್ಟು ಕಾರ್ಡುಗಳನ್ನು ಎಸೆಯಬೇಡಿ, ಲ್ಯಾಮಿನೇಶನ್ ಕೂಡ ಮಾಡಿಸಬೇಡಿ.

ಪೋಸ್ಟ್‌ಕಾರ್ಡ್ ಮೊಮ್ಮಗಳು:
ಓದಿ ಅಮ್ಮನಿಗೂ ಹೇಳಿದೆ, ಅತ್ತರು. ಮುದ್ರೆಯಲ್ಲಿ ವರ್ಷ ಅಳಿಸಿಹೋಗಿದೆ. ತಿಂಗಳು ಮಾತ್ರ ಜುಲೈ ಅಂತ ಕಾಣುತ್ತೆ. ಕೊನೆಯಲ್ಲಿ 'ಒಟ್ಲು' ಅಂತ ಏನೋ ಇದೆ, ನನಗೆ ಅರ್ಥ ಆಗಲಿಲ್ಲ.

ನಾಲೆ ಏರಿ ಮನೆ:
ಒಟ್ಲು ಅಂದರೆ ಭತ್ತದ ಸಸಿ ಮಡಿ. ಜುಲೈಯಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಒಟ್ಲು ಹಾಕುತ್ತೇವೆ. ನಿಮ್ಮ ತಾತ ಆ ಕಾರ್ಡ್ ಬರೆದಾಗ ಮೊದಲ ಸಲ ಭತ್ತ ಮಾಡಲು ಹೊರಟಿದ್ದರು ಅಂತ ಕಾಣುತ್ತೆ. ಅದರ ಮುಂದಿನ ಸಾಲು ಓದಲು ಆಗುತ್ತಾ ನೋಡಿ. ಯಾವ ಭತ್ತ ಅಂತ ಬರೆದಿರಬಹುದು.