ಸಮ್ ಮರಳುದಿಬ್ಬ: ಫೋಟೊದಲ್ಲಿ ಮರಳು ಬೂದಿಬಣ್ಣ, ಉಬ್ಬುತಗ್ಗು ಕಾಣಿಸುವುದೇ ಇಲ್ಲ

ಪ್ರಶ್ನೆ: ಡಿಸೆಂಬರ್ ಕೊನೆಗೆ ಜೈಸಲ್ಮೇರ್ ಹತ್ತಿರದ ಸಮ್‌ನಲ್ಲಿ ಎರಡು ದಿನ ಇರುತ್ತೇನೆ. ಫುಲ್‌ಫ್ರೇಮ್ ಕ್ಯಾಮೆರಾ, 16-35 ಮತ್ತು 70-200 ಎಂಎಂ ಲೆನ್ಸ್ ಇವೆ. ಹೋದ ಸಲ ಮರಳೆಲ್ಲ ಬೂದಿ ಬಳಿದಂತೆ, ಚಪ್ಪಟೆಯಾಗಿ ಬಂತು. ಏನು ಬದಲಿಸಬೇಕು? ಆಕಾಶದ ನೀಲಿ ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಬೇಕೇ?

ಉತ್ತರ 1: ಬೂದಿಬಣ್ಣ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ನ ಕೆಲಸ. ಚೌಕಟ್ಟಿನ ತುಂಬ ಹೊಳೆಯುವ ಮರಳಿದ್ದರೆ ಅದು ಎಲ್ಲವನ್ನೂ ನಡು ಬೂದಿಗೆ ಇಳಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚಿಸುವ ಸೆಟ್ಟಿಂಗ್) +0.7ರಿಂದ +1 ಕೊಡಿ. ಸಂಜೆ ನೆರಳು ಸೇರಿದ ಮೇಲೆ ಸೊನ್ನೆಗೆ ತನ್ನಿ. ಹೊಂಬಿಸಿಲಿನಲ್ಲಿ ಕೆಂಪು ಚಾನೆಲ್ಲೇ ಮೊದಲು ಸುಟ್ಟು ವಿವರ ಕಳೆದುಕೊಳ್ಳುವುದು, ಬಣ್ಣದ ಹಿಸ್ಟೋಗ್ರಾಂ (ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣ ತೋರಿಸುವ ನಕ್ಷೆ) ನೋಡಿ. ಬಣ್ಣದ ಛಾಯೆಯನ್ನು ತಾನೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ಆ ಹೊನ್ನನ್ನು ತೊಳೆದುಹಾಕುತ್ತದೆ, 5500 ಕೆಲ್ವಿನ್‌ಗೆ ಕಟ್ಟಿಡಿ.

ಉತ್ತರ 2: ಚಪ್ಪಟೆಯಾಗಲು ಕಾರಣ ನಿಂತ ಜಾಗ. ಬೇಸಿಗೆಯ ನೈಋತ್ಯ ಗಾಳಿ ಕಟ್ಟಿದ ದಿಬ್ಬಗಳಿವು, ಹಾಗಾಗಿ ಕಡಿದಾದ ಮಗ್ಗುಲು ಹೆಚ್ಚಾಗಿ ಈಶಾನ್ಯಕ್ಕಿರುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ಪಶ್ಚಿಮದಿಂದ ಸುಮಾರು 26 ಡಿಗ್ರಿ ದಕ್ಷಿಣಕ್ಕೆ ವಾಲಿ ಮುಳುಗುತ್ತಾನೆ. ಬೆನ್ನಿಗೆ ಬಿಸಿಲು ಇಟ್ಟುಕೊಂಡರೆ ನೆರಳೆಲ್ಲ ದಿಬ್ಬದ ಹಿಂದೆ ಅಡಗುತ್ತದೆ. ವಾಯವ್ಯಕ್ಕೋ ಆಗ್ನೇಯಕ್ಕೋ ಮುಖಮಾಡಿ, ಬಿಸಿಲು ಪಕ್ಕದಿಂದ ಬರಲಿ: ಒಂದು ಮಗ್ಗುಲು ಹೊನ್ನು, ಇನ್ನೊಂದು ಕಪ್ಪು, ನಡುವೆ ಏಣಿನ ಗೆರೆ. ಮುಳುಗುವ ಮುಂಚಿನ 45 ನಿಮಿಷವೇ ಮುಖ್ಯ.

ಗಡಿಯಾರದ ವಿಷಯ: ಬೆಂಗಳೂರಿನ ಲೆಕ್ಕ ಹಾಕಬೇಡಿ. ಅಲ್ಲಿ ಸೂರ್ಯ ಹುಟ್ಟುವುದೇ 7:20ರ ಆಚೆ. ಒಂಟೆ, ಜೀಪು, ಜನ ಇರುವ ಕಡೆಯಿಂದ ಒಂದೆರಡು ಕಿಲೋಮೀಟರ್ ದೂರ ಹೋಗಿ. ಕಾಲಿಡುವ ಮುಂಚೆಯೇ ಚೌಕಟ್ಟು ನಿಶ್ಚಯಿಸಿ. ನಿಮ್ಮದೇ ಹೆಜ್ಜೆಗುರುತು ಕೊನೆಗೆ ನಿಮಗೇ ಅಡ್ಡ. ಅಷ್ಟೂ ಬೇಡವೆಂದರೆ ಜೈಸಲ್ಮೇರ್ ಕಡೆಯದೇ ಇನ್ನೊಂದು ಮರಳುದಿಬ್ಬದ ಊರು ಖುರಿ ಇದೆ, ಅಲ್ಲಿ ಗದ್ದಲ ಕಡಿಮೆ.

ಉತ್ತರ 3: ಪೋಲರೈಸರ್ 16-35ಕ್ಕೆ ಬೇಡ. ಅಗಲ ಲೆನ್ಸಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗಿ ಕೆಡುತ್ತದೆ. 70-200ಕ್ಕೆ ಹಾಕಬಹುದು. 16 ಎಂಎಂ, ಎಫ್/11ರಲ್ಲಿ (ಲೆನ್ಸಿನ ದ್ವಾರ ಕಿರಿದಾಗಿಸಿ) ಫೋಕಸ್ 80 ಸೆಂಟಿಮೀಟರ್‌ಗೆ ಇಟ್ಟರೆ ಹತ್ತಿರದ ಮರಳಿನ ಅಲೆಯೂ ದೂರದ ದಿಬ್ಬವೂ ಸ್ಫುಟ.

ಟ್ರೈಪಾಡ್‌ನ ಕೆಳಗಿನ ತೆಳು ಕಾಲನ್ನೇ ಮೊದಲು ಒಂದು ಗೇಣು ಎಳೆಯಿರಿ, ಆಗ ಲಾಕ್ ಮರಳಿನೊಳಗೆ ಹೂತುಹೋಗದು. ಅಲುಗಾಡದಷ್ಟು ಒತ್ತಿ ಊರಿ. ಇಲ್ಲವಾದರೆ ಉದ್ದ ಎಕ್ಸ್‌ಪೋಷರ್ ನಡುವೆ ಕುಸಿಯುತ್ತದೆ. ಗಾಳಿಯಲ್ಲಿ ಲೆನ್ಸ್ ಬದಲಿಸಲೇಬೇಡಿ. ಗಾಜಿನ ಮೇಲೆ ಮರಳು ಬಿದ್ದರೆ ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಬ್ರಷ್, ಬಟ್ಟೆ ಕೊನೆಗೆ. ಮೊದಲೇ ಬಟ್ಟೆಯಿಂದ ಉಜ್ಜಿದರೆ ಗೀರು ಗ್ಯಾರಂಟಿ.

ಪ್ರಶ್ನೆ ಕೇಳಿದವರು: ಹಾಗಾದರೆ ಮಧ್ಯಾಹ್ನ ಕ್ಯಾಮೆರಾ ಒಳಗೇ ಇಡಲೇ?

ಉತ್ತರ 2: ಪೂರ್ತಿ ಬೇಡ. ಆಗ ಸೂರ್ಯ ನೆತ್ತಿಗೆ ಬರುವುದಿಲ್ಲ, ಸುಮಾರು 40 ಡಿಗ್ರಿಗೇ ನಿಲ್ಲುತ್ತಾನೆ. ಉತ್ತರದ ಕಡಿದಾದ ಇಳಿಜಾರಿನಲ್ಲಿ ಬಿಸಿಲು ಸವರಿಕೊಂಡು ಹೋಗುತ್ತದೆ. 200 ಎಂಎಂನಲ್ಲಿ ಮರಳಿನ ಅಲೆ ಮಾತ್ರ ತುಂಬಿಸಿ, ಕಪ್ಪುಬಿಳುಪಿಗೆ ಚೆನ್ನಾಗಿರುತ್ತದೆ.