ಅಪ್‌ಡೇಟ್: ಟ್ಯೂಬ್ ಸ್ಕ್ರೀಮರ್ ಕೊನೆಗೂ ಹಾಡಿತು!

ಮನೆಯಲ್ಲೇ ಕಟ್ಟಿದ ಟಿಎಸ್808 (ಗಿಟಾರಿನ ಸದ್ದನ್ನು ಒರಟಾಗಿಸುವ ಟ್ಯೂಬ್ ಸ್ಕ್ರೀಮರ್ ಪೆಡಲ್) ನಕಲು ಆನ್ ಮಾಡಿದರೆ ಪರಪರ ಅಂತ ಹರಿದ ಸದ್ದು ಬರುತ್ತೆ, ಸ್ವರ ಅರ್ಧಕ್ಕೇ ಸಾಯುತ್ತೆ ಅಂತ ಕೇಳಿದ್ದೆನಲ್ಲ, ಸಿಕ್ಕಿತು ಕಾರಣ. ತಪ್ಪು ನನ್ನದೇ.

ಸಿಗ್ನಲ್ ಹಿಗ್ಗಿಸುವ ಐಸಿ (4558 ಚಿಪ್) ಹಾಳಾಗಿದೆ ಅಂದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು ತಂದೆ. ಸುಮ್ನೆ ದಂಡ. ಆಮೇಲೆ ನೀವು ಹೇಳಿದ ಹಾಗೆ ಮಲ್ಟಿಮೀಟರ್ ಹಿಡಿದೆ. ಚಿಪ್ಪಿಗೆ ವಿದ್ಯುತ್ ಬರುವ 8ನೇ ಪಿನ್ನಿನಲ್ಲಿ 9 ವೋಲ್ಟ್ ಸರಿಯಾಗಿತ್ತು. ಆದರೆ 4.5 ಇರಬೇಕಾದ ಬಯಾಸ್ (ಸಿಗ್ನಲ್ ಮೇಲೆ-ಕೆಳಗೆ ಆಡಲು ಬೇಕಾದ ನಡುಮಟ್ಟದ ವೋಲ್ಟೇಜ್) ಜಾಗದಲ್ಲಿ ಬರೀ 0.8! ಅಲ್ಲಿ 9 ವೋಲ್ಟನ್ನು ಅರ್ಧ ಮಾಡಲು ಎರಡು 10ಕೆ (10,000 ಓಮ್) ರೆಸಿಸ್ಟರ್ ಬೇಕು. ಮೇಲಿನದು 100ಕೆ ಹಾಕಿಬಿಟ್ಟಿದ್ದೆ. ಬೆಲೆ ಹೇಳುವ ಬಣ್ಣದ ಪಟ್ಟಿಗಳಲ್ಲಿ ಕಂದು, ಕಪ್ಪು, ಆಮೇಲೆ ಕಿತ್ತಳೆ ಅಂತ ಓದಿದ್ದೆ, ಆ ಮೂರನೆಯದು ನಿಜಕ್ಕೂ ಹಳದಿ. ರಾತ್ರಿ ಹನ್ನೊಂದಕ್ಕೆ ಬೆಸುಗೆಗೆ ಕೂತರೆ ಇಷ್ಟೇ ಅಲ್ವಾ.

ಬದಲಾಯಿಸಿದ ತಕ್ಷಣ ಸದ್ದು ತುಂಬಿಕೊಂಡು ಬಂತು. ಡ್ರೈವ್ (ಒರಟುತನ ಹೆಚ್ಚಿಸುವ ಗುಂಡಿ) ಸೊನ್ನೆಯಲ್ಲಿಟ್ಟರೂ ಸುಮಾರು 12 ಪಟ್ಟು ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಇದೆ. 720 ಹರ್ಟ್ಜ್‌ಗಿಂತ ಕೆಳಗೆ ಗೇನ್ ಇಳಿಯುತ್ತಾ ಹೋಗೋದರಿಂದ ದಪ್ಪ ತಂತಿಗಳು ಕಲಸಿಹೋಗಲ್ಲ. ಔಟ್‌ಪುಟ್ಟಿಗೆ 808ರ 100 ಓಮ್, 10ಕೆ ರೆಸಿಸ್ಟರ್ ಜೋಡಿಯನ್ನೇ ಉಳಿಸಿದೆ. ಇದರದೇ ಇನ್ನೊಂದು ಮಾದರಿ ಟಿಎಸ್9ರ 470 ಓಮ್, 100ಕೆ ಹಾಕಿಯೂ ನೋಡಿದೆ, ನನ್ನ ಕಿವಿಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಸಣ್ಣ ಗುಂಯ್‌ಗುಡುವಿಕೆ ಇತ್ತು. ಅಲ್ಯೂಮಿನಿಯಂ ಡಬ್ಬಿಗೆ ಹಾಕಿ, ಡಬ್ಬಿಯನ್ನು ಗ್ರೌಂಡಿಗೆ ಸೇರಿಸಿದ ಮೇಲೆ ಅದೂ ಹೋಯಿತು. ಹಸಿರು ಬಣ್ಣ ಇನ್ನೂ ಒಣಗುತ್ತಿದೆ.